ಆಕ್ಸ್‌ಫರ್ಡಿನ ಹಳೆಯ ವಸತಿಗೃಹಗಳು

ಹೋಟೆಲು ಎಂಬ ಮಾತು ನಮ್ಮಲ್ಲಿ ಊಟ ತಿಂಡಿಗೆ ಮೀಸಲಾದದ್ದು. ದೋಸೆಗೆ ಹೆಸರಾದ ಹೋಟೆಲು, ಕಾಫಿಗೆ ಹೆಸರಾದ ಹೋಟೆಲು ಎನ್ನುತ್ತೇವೆಯೇ ಹೊರತು ನಿದ್ರೆಗೆ ಹೆಸರಾದ ಹೋಟೆಲು ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ರಾತ್ರಿ ತಂಗಬೇಕಾದವನಿಗೆ ಹಿಂದೆ ಛತ್ರವಿತ್ತು, ಮಠವಿತ್ತು, ದೇವಸ್ಥಾನದ ಕೈಸಾಲೆಯಿತ್ತು. ಎಲ್ಲಕ್ಕಿಂತ ಮೇಲಾಗಿ ನೆಂಟರ ಮನೆಯಿತ್ತು. ಲಾಡ್ಜು ಬಂದದ್ದು ಈಚೆಗೆ. ಇಂಗ್ಲೆಂಡಿನ ಹಳೆಯ ಊರುಗಳಲ್ಲಿ ಹಾಗಲ್ಲ. ಉಣ್ಣುವ ಜಾಗ, ಮಲಗುವ ಜಾಗ, ಕುದುರೆ ಕಟ್ಟುವ ಜಾಗ ಮೂರೂ ಅಲ್ಲಿ ಒಂದೇ ಹೆಬ್ಬಾಗಿಲಿನ ಒಳಗೆ ಇರುತ್ತಿದ್ದವು. ಅದಕ್ಕೆ 'ಇನ್' ಎಂದು ಹೆಸರು. ಷೇಕ್ಸ್‌ಪಿಯರನ ನಾಟಕಗಳನ್ನೂ ಡಿಕೆನ್ಸನ ಕಾದಂಬರಿಗಳನ್ನೂ ಓದಿದವರಿಗೆ ಈ 'ಇನ್' ಪರಿಚಯವಾದದ್ದೇ. ಅಂಥ ಹಳೆಯ ವಸತಿಗಳಿಗೆ ಹೆಸರಾದ ಒಂದು ವಿದ್ಯಾನಗರದಲ್ಲಿ, ಆಕ್ಸ್‌ಫರ್ಡಿನಲ್ಲಿ, ನಾನು ಮೂರು ರಾತ್ರಿ ತಂಗಿದ ಅನುಭವವನ್ನು ನೆಪವಾಗಿಟ್ಟುಕೊಂಡು ಕೆಲವು ವಿಚಾರಗಳನ್ನು ಹೇಳಬೇಕೆಂದಿದ್ದೇನೆ.

ಮೊದಲು ನನ್ನ ಸಂಗತಿ ಎರಡು ಮಾತು. ಜಿಲ್ಲಾ ಕೇಂದ್ರವೊಂದರ ಕಾಲೇಜಿನಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಇಂಗ್ಲಿಷ್ ಸಾಹಿತ್ಯವನ್ನು ಪಾಠ ಹೇಳಿದವನು ನಾನು. ಇಪ್ಪತ್ತೆರಡರ ವಯಸ್ಸಿನಲ್ಲಿ ಆಕ್ಸ್‌ಫರ್ಡಿಗೆ ಹೋಗಿ ಓದಬೇಕೆಂಬ ಆಸೆಯಿತ್ತು. ಅರ್ಜಿಯನ್ನು ತರಿಸಿಕೊಂಡಿದ್ದೆ. ಆ ವರ್ಷವೇ ತಂದೆ ತೀರಿಕೊಂಡರು. ಹಿರಿಯ ಮಗನಾದ ನನಗೆ ಕೆಲಸ ಹಿಡಿಯದೆ ಗತ್ಯಂತರವಿರಲಿಲ್ಲ. ಆ ಅರ್ಜಿ ಬಹಳ ಕಾಲ ಪೆಟ್ಟಿಗೆಯಲ್ಲಿತ್ತು. ನಿವೃತ್ತನಾದ ಮೇಲೆ ಒಂದು ಬೇಸಿಗೆಯಲ್ಲಿ, ಇಂಗ್ಲೆಂಡಿನಲ್ಲಿ ನೆಲೆಸಿದ ತಂಗಿಯ ಮಗನ ಒತ್ತಾಯದಿಂದ ಹೋಗಿಬರುವ ಯೋಗ ಕೂಡಿಬಂತು. "ಮಾವ, ಬೆಳಿಗ್ಗೆ ಹೋಗಿ ಸಂಜೆ ಬಂದುಬಿಡಬಹುದು" ಎಂದು ಅವನು ಹೇಳಿದ. "ಬೇಡಪ್ಪ, ಅಲ್ಲಿ ರಾತ್ರಿ ಮಲಗಬೇಕು" ಎಂದೆ. ವಿದ್ಯಾರ್ಥಿಯಾಗಿ ಸೇರಲಾಗದ ಊರಿಗೆ ಅತಿಥಿಯಾಗಿಯಾದರೂ ಸೇರೋಣ ಎಂಬುದು ನನ್ನ ಮನಸ್ಸಿನಲ್ಲಿತ್ತು.

ಊರನ್ನು ನೋಡುತ್ತ, ಅದರ ಚರಿತ್ರೆಯನ್ನು ಮತ್ತೆ ಓದುತ್ತ ಹೋದ ಹಾಗೆ ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ವಿಶ್ವವಿದ್ಯಾನಿಲಯ ಮೊದಲು ಹುಟ್ಟಿ, ಆಮೇಲೆ ಅದರ ಸುತ್ತ ವಸತಿಗೃಹಗಳು ಹುಟ್ಟಿದವೆಂದು ನಾವು ತಿಳಿಯುತ್ತೇವೆ. ಆಕ್ಸ್‌ಫರ್ಡಿನ ಮಟ್ಟಿಗೆ ಅದು ಪೂರ್ತಿ ನಿಜವಲ್ಲ. ಆ ವಿಶ್ವವಿದ್ಯಾನಿಲಯದ ಬುಡದಲ್ಲಿಯೇ ವಸತಿಯ ಪ್ರಶ್ನೆಯಿದೆ.

ಆಕ್ಸ್‌ಫರ್ಡಿನಲ್ಲಿ ಪಾಠಪ್ರವಚನ ನಡೆಯುತ್ತಿದ್ದುದಕ್ಕೆ 1096ರಷ್ಟು ಹಿಂದಿನ ಆಧಾರವಿದೆ. 1167ರ ಸುಮಾರಿಗೆ ಎರಡನೆಯ ಹೆನ್ರಿ ದೊರೆ ಇಂಗ್ಲಿಷರು ಪ್ಯಾರಿಸ್ಸಿಗೆ ಓದಲು ಹೋಗಕೂಡದೆಂದು ತಡೆದ ಮೇಲೆ ಅಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಬೆಳೆಯಿತು. ಆಗ ಕಾಲೇಜುಗಳಿರಲಿಲ್ಲ. ನಾಲ್ಕಾರು ಹುಡುಗರು ಸೇರಿ ಊರಿನವರಿಂದ ಒಂದು ಮನೆಯನ್ನು ಬಾಡಿಗೆಗೆ ಹಿಡಿಯುತ್ತಿದ್ದರು. ಬಾಡಿಗೆ ಹೆಚ್ಚೆಂದು ವಿದ್ಯಾರ್ಥಿಗಳ ದೂರು. ಗಲಾಟೆ ಹೆಚ್ಚೆಂದು ಊರಿನವರ ದೂರು. 1209ರಲ್ಲಿ ಒಬ್ಬ ವಿದ್ಯಾರ್ಥಿಯ ಕೈಯಲ್ಲಿ ಊರಿನ ಹೆಂಗಸೊಬ್ಬಳು ಸತ್ತಳು. ಆತ ಓಡಿಹೋದ. ಅವನೊಡನೆ ಅದೇ ಮನೆಯಲ್ಲಿ ಬಾಡಿಗೆಗಿದ್ದ ಸಹಪಾಠಿಗಳನ್ನು ಹಿಡಿದು ಗಲ್ಲಿಗೇರಿಸಿದರು. ಉಳಿದ ವಿದ್ಯಾರ್ಥಿಗಳೂ ಉಪಾಧ್ಯಾಯರೂ ಊರು ಬಿಟ್ಟು ಚೆದುರಿದರು. ಅವರಲ್ಲಿ ಕೆಲವರು ಹೋಗಿ ನಿಂತ ಸ್ಥಳವೇ ಕೇಂಬ್ರಿಜ್.

ಐದು ವರ್ಷಗಳ ಬಳಿಕ, 1214ರಲ್ಲಿ, ಪೋಪರ ಪ್ರತಿನಿಧಿಯೊಬ್ಬ ರಾಜಿ ಮಾಡಿಸಿದ. ಆ ರಾಜಿಯ ಪತ್ರವೇ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಹಕ್ಕುಬಾಧ್ಯತೆಗಳಿಗೆ ಮೊದಲ ಆಧಾರ. ಅದರಲ್ಲಿ ಊರಿನವರಿಗೆ ವಿಧಿಸಿದ ಮುಖ್ಯ ಷರತ್ತು ಯಾವುದು ಗೊತ್ತೆ? ಮುಂದಿನ ಹತ್ತು ವರ್ಷ ವಿದ್ಯಾರ್ಥಿಗಳ ಮನೆಗಳಿಗೆ ಅರ್ಧ ಬಾಡಿಗೆಯನ್ನಷ್ಟೇ ತೆಗೆದುಕೊಳ್ಳತಕ್ಕದ್ದು! ಎಂಟುನೂರು ವರ್ಷಗಳ ಕೀರ್ತಿಯುಳ್ಳ ವಿದ್ಯಾಪೀಠದ ತಳಹದಿಯಲ್ಲಿ ಹೀಗೆ ಹಾಸ್ಟೆಲ್ ಬಾಡಿಗೆಯ ಲೆಕ್ಕವಿದೆ. ಪಟ್ಟಣದಲ್ಲಿ ರೂಮು ಮಾಡಿಕೊಂಡು ಓದಿದ ನಮ್ಮಲ್ಲಿ ಅನೇಕರಿಗೆ ಇದು ಪರಕೀಯವೆಂದು ತೋರಲಾರದು.

ಜಗಳ ಅಲ್ಲಿಗೆ ಮುಗಿಯಲಿಲ್ಲ. ಊರಿನ ನಡುವೆ ನಾಲ್ಕು ಬೀದಿ ಕೂಡುವ ಸ್ಥಳಕ್ಕೆ ಕಾರ್‌ಫ್ಯಾಕ್ಸ್ ಎಂದು ಹೆಸರು. ಅಲ್ಲಿ ಸ್ವಿಂಡಲ್‌ಸ್ಟಾಕ್ ಎಂಬ ಮದ್ಯದಂಗಡಿಯಿತ್ತು. 1355ರ ಫೆಬ್ರವರಿ 10ರಂದು ಕೆಲವು ವಿದ್ಯಾರ್ಥಿಗಳು ದ್ರಾಕ್ಷಾರಸ ಚೆನ್ನಾಗಿಲ್ಲವೆಂದು ತಕರಾರು ತೆಗೆದು, ಪಾತ್ರೆಯನ್ನು ಅಂಗಡಿಯವನ ತಲೆಗೆ ಎಸೆದರು. ಅಲ್ಲಿಂದ ಹೊತ್ತಿಕೊಂಡ ಗಲಭೆ ಮೂರು ದಿನ ನಡೆದು, 63 ಮಂದಿ ವಿದ್ಯಾವಂತರೂ ಊರಿನವರಲ್ಲಿ ಸುಮಾರು 30 ಮಂದಿಯೂ ಸತ್ತರು. ದೊರೆ ವಿಶ್ವವಿದ್ಯಾನಿಲಯದ ಪಕ್ಷ ವಹಿಸಿದ. ನಗರದ ಮೇಯರ್ ಪ್ರತಿವರ್ಷ ಅದೇ ದಿನ ಪ್ರಾಯಶ್ಚಿತ್ತ ಮಾಡಿ ಕಾಣಿಕೆ ಒಪ್ಪಿಸಬೇಕಾಯಿತು. ಈ ಪದ್ಧತಿ ನಿಂತದ್ದು 1825ರಲ್ಲಿ. ಎರಡು ಪಕ್ಷದವರೂ ವಿಧಿವತ್ತಾಗಿ ರಾಜಿಯಾದದ್ದು 1955ರಲ್ಲಿ, ಜಗಳದ ಆರುನೂರನೆಯ ವರ್ಷದಲ್ಲಿ. ಇದನ್ನು ಓದುವಾಗ ನನಗೆ ತಾಳಗುಂದದ ಕಂಬದ ಶಾಸನ ನೆನಪಾಯಿತು. ಕಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋದ ಮಯೂರಶರ್ಮನಿಗೂ ಪಲ್ಲವರ ಕುದುರೆ ಸವಾರನಿಗೂ ನಡೆದ ಕಲಹದಿಂದ ಕದಂಬರ ರಾಜ್ಯವೇ ಹುಟ್ಟಿತೆಂದು ಆ ಶಾಸನ ಹೇಳುತ್ತದೆ. ಓದಲು ಬಂದ ಪರಸ್ಥಳದವನಿಗೂ ಸ್ಥಳದವರಿಗೂ ಎಲ್ಲ ಕಾಲದಲ್ಲಿಯೂ ಒಂದು ತಿಕ್ಕಾಟವುಂಟು.

ಇಂಥ ಕಲಹಗಳ ನಡುವೆ ಆಕ್ಸ್‌ಫರ್ಡಿನಲ್ಲಿ ಎರಡು ಬಗೆಯ ಬಾಗಿಲುಗಳು ಬೆಳೆದವು. ಒಂದು ಕಾಲೇಜಿನ ಬಾಗಿಲು: ತನ್ನವರನ್ನು ಒಳಗಿಟ್ಟುಕೊಂಡು ಮಿಕ್ಕವರನ್ನು ಹೊರಗಿಡುವುದು. ಇನ್ನೊಂದು ವಸತಿಗೃಹದ ಬಾಗಿಲು: ಕಾಸು ಕೊಟ್ಟವನನ್ನೆಲ್ಲ ಒಳಗೆ ಬಿಟ್ಟುಕೊಳ್ಳುವುದು. ಈ ಎರಡರ ನಡುವಣ ಗಡಿಯನ್ನು ವಿಶ್ವವಿದ್ಯಾನಿಲಯ ಬಹಳ ಎಚ್ಚರದಿಂದ ಕಾಯ್ದಿತು. ವಿದ್ಯಾರ್ಥಿಗಳು ಪಾನಗೃಹಗಳಿಗೆ ಹೋಗದಂತೆ ಪ್ರಾಕ್ಟರುಗಳು ರಾತ್ರಿ ಗಸ್ತು ತಿರುಗುತ್ತಿದ್ದರು. ಅವರ ಹಿಂದೆ ನಡೆಯುವ ಕಾವಲಿನವರಿಗೆ 'ಬುಲ್‌ಡಾಗ್' ಎಂದು ಅಡ್ಡಹೆಸರು. ಆ ದಳ ವಿಸರ್ಜನೆಯಾದದ್ದು 2003ರಲ್ಲಿ. ಕ್ರೈಸ್ಟ್ ಚರ್ಚ್ ಕಾಲೇಜಿನ ಹೆಬ್ಬಾಗಿಲ ಗೋಪುರದಲ್ಲಿ 'ಗ್ರೇಟ್ ಟಾಮ್' ಎಂಬ ದೊಡ್ಡ ಗಂಟೆಯಿದೆ. ಅದು ಈಗಲೂ ಪ್ರತಿರಾತ್ರಿ ಒಂಬತ್ತು ಗಂಟೆ ಐದು ನಿಮಿಷಕ್ಕೆ 101 ಸಲ ಬಾರಿಸುತ್ತದೆ. ಮೊದಲ ಕಾಲದ ವಿದ್ಯಾರ್ಥಿಗಳ ಸಂಖ್ಯೆ ಅಷ್ಟು. ಐದು ನಿಮಿಷ ತಡವೇಕೆಂದರೆ, ಆಕ್ಸ್‌ಫರ್ಡು ಗ್ರೀನಿಚ್‌ಗಿಂತ ಪಶ್ಚಿಮಕ್ಕಿರುವುದರಿಂದ ಅಲ್ಲಿಯ ಸೂರ್ಯನ ಪ್ರಕಾರ ಆಗ ಸರಿಯಾಗಿ ಒಂಬತ್ತು. ಆ ಗಂಟೆ ಕೇಳಿದರೆ ಬಾಗಿಲು ಹಾಕುವ ಹೊತ್ತಾಯಿತೆಂದು ಅರ್ಥ. ಒಳಗಿರುವವರು ಒಳಗೆ, ಹೊರಗಿರುವವರಿಗೆ 'ಇನ್'.

ಹೊರಗಿನವರ ಈ ಬಾಗಿಲುಗಳು ಆಕ್ಸ್‌ಫರ್ಡಿನಲ್ಲಿ ಬೇಕಾದಷ್ಟಿದ್ದವು. ಹೈ ಸ್ಟ್ರೀಟಿನಲ್ಲಿ ಮೈಟರ್ ಎಂಬ ವಸತಿಗೃಹ 14ನೆಯ ಶತಮಾನದ ಆರಂಭದಿಂದ ಇದ್ದದ್ದು. ಮೈಟರ್ ಎಂದರೆ ಬಿಷಪ್ಪರ ಕಿರೀಟ. ಕಾರ್ನ್‌ಮಾರ್ಕೆಟ್ ಬೀದಿಯಲ್ಲಿ ಗೋಲ್ಡನ್ ಕ್ರಾಸ್. ಅದೇ ಬೀದಿಯ ಮೂರನೆಯ ನಂಬರಿನ ಮನೆ ಡ್ಯಾವೆನೆಂಟ್ ಎಂಬಾತನ ಪಾನಗೃಹವಾಗಿತ್ತು. ಲಂಡನ್ನಿಗೂ ತನ್ನೂರಿಗೂ ಓಡಾಡುವಾಗ ಷೇಕ್ಸ್‌ಪಿಯರ್ ಡ್ಯಾವೆನೆಂಟನಲ್ಲಿ ತಂಗುತ್ತಿದ್ದನೆಂದು 17ನೆಯ ಶತಮಾನದ ಜಾನ್ ಆಬ್ರಿ ಬರೆದಿಟ್ಟಿದ್ದಾನೆ. ಅದು ಐತಿಹ್ಯ. ಆದರೆ ಅಲ್ಲಿಯ ಒಂದು ಕೋಣೆಯ ಗೋಡೆಯಲ್ಲಿ 1927ರಲ್ಲಿ ಹಲಗೆಯ ಹಿಂದಿನಿಂದ ಹೊರಬಿದ್ದ 16ನೆಯ ಶತಮಾನದ ಬಳ್ಳಿಹೂಗಳ ಚಿತ್ರ ಐತಿಹ್ಯವಲ್ಲ. ಇನ್ನು ಹೈ ಸ್ಟ್ರೀಟಿನ ಏಂಜಲ್. ಅಲ್ಲಿ 1650ರಲ್ಲಿ ಜೇಕಬ್ ಎಂಬ ಯಹೂದಿ ಕಾಫಿ ಮಾರಲು ತೊಡಗಿದನೆಂದೂ ಇಂಗ್ಲೆಂಡಿನ ಮೊದಲ ಕಾಫಿ ಅಂಗಡಿ ಅದೇ ಎಂದೂ ಹೇಳುತ್ತಾರೆ. ಕಾಫಿಯ ನಾಡಿನವನಾದ ನಾನು ಆ ಸ್ಥಳವನ್ನು ಹುಡುಕದೆ ಇರಲಾಗಲಿಲ್ಲ.

ಹುಡುಕಿದಾಗ ನನಗೆ ಕಂಡದ್ದೇನು? ಏಂಜಲ್ ಇಲ್ಲ. ಅದನ್ನು ಕೆಡವಿ ಆ ಜಾಗದಲ್ಲಿ ವಿಶ್ವವಿದ್ಯಾನಿಲಯ ತನ್ನ ಪರೀಕ್ಷಾಭವನವನ್ನು ಕಟ್ಟಿಸಿತು. 1882ರಲ್ಲಿ ಅದು ಮುಗಿಯಿತು. ಕಾಫಿ ಕುಡಿದ ಜಾಗದಲ್ಲಿ ಈಗ ಹುಡುಗರು ಪರೀಕ್ಷೆ ಬರೆಯುತ್ತಾರೆ. ಗೋಲ್ಡನ್ ಕ್ರಾಸಿನ ಅಂಗಳವಿದೆ, ಸುತ್ತಲೂ ಅಂಗಡಿಗಳಿವೆ, ಮಲಗುವ ಕೋಣೆಗಳಿಲ್ಲ. ಕ್ಲಾರೆಂಡನ್ ಎಂಬ ದೊಡ್ಡ ಹೋಟೆಲನ್ನು 1950ರ ದಶಕದಲ್ಲಿ ಕೆಡವಿ ಅಂಗಡಿ ಎಬ್ಬಿಸಿದರು. ಮೈಟರ್ ಲಿಂಕನ್ ಕಾಲೇಜಿನ ಸ್ವತ್ತು. ಕಟ್ಟಡ ಗಟ್ಟಿಯಾಗಿ ನಿಂತಿದೆ. ಆದರೆ 1960ರ ದಶಕದ ಕೊನೆಯಲ್ಲಿ ಪ್ರಯಾಣಿಕರಿಗೆ ಕೋಣೆ ಕೊಡುವುದು ನಿಂತು, ಮೇಲಂತಸ್ತು ಆ ಕಾಲೇಜಿನ ವಿದ್ಯಾರ್ಥಿಗಳ ವಾಸಕ್ಕೆ ಹೋಯಿತು. ಬಾಡಿಗೆ ಮನೆಯಿಂದ ಕಾಲೇಜಿಗೆ ಹೋದ ವಿದ್ಯಾರ್ಥಿ ಆರುನೂರು ವರ್ಷಗಳ ಮೇಲೆ ಛತ್ರಕ್ಕೇ ಹಿಂದಿರುಗಿದ ಹಾಗಾಯಿತು.

ನಿಜವಾಗಿ ಹಳೆಯವಾದ ಈ ಛತ್ರಗಳು ಏಕೆ ಉಳಿಯಲಿಲ್ಲ? ಕಾರಣ ರೈಲು. ಲಂಡನ್ನಿನಿಂದ ಸುಮಾರು 90 ಕಿಲೋಮೀಟರು ದೂರದ ಈ ಊರಿಗೆ ಕುದುರೆ ಗಾಡಿಗಳು ಬರುತ್ತಿದ್ದ ಕಾಲದಲ್ಲಿ ಎತ್ತರವಾದ ಕಮಾನು ಬಾಗಿಲು, ಗಾಡಿ ತಿರುಗಿಸುವಷ್ಟು ಅಂಗಳ, ಹಿಂದೆ ಲಾಯ ಇವು 'ಇನ್'ನ ಅಂಗಗಳು. ಇಂದಿಗೂ ಆ ಊರಿನ ಬೀದಿಯಲ್ಲಿ ಗಾಡಿ ನುಗ್ಗುವಂಥ ಕಮಾನನ್ನು ಕಂಡರೆ ಒಳಗೆ ಇಣುಕಿ ನೋಡಬೇಕು. ಆ ಕಡೆ ಒಂದು ಹಳೆಯ ಅಂಗಳ ಸಿಕ್ಕರೂ ಸಿಕ್ಕೀತು. 1844ರಲ್ಲಿ ಆಕ್ಸ್‌ಫರ್ಡಿಗೆ ರೈಲು ಬಂತು. ವಿಶ್ವವಿದ್ಯಾನಿಲಯ ಅದನ್ನು ವಿರೋಧಿಸಿತ್ತು: ಹುಡುಗರು ಲಂಡನ್ನಿಗೆ ಓಡಿಹೋದಾರೆಂಬ ಭಯ. ಹುಡುಗರು ಕೆಟ್ಟರೋ ಇಲ್ಲವೋ, ಕುದುರೆ ಗಾಡಿಯಂತೂ ನಿಂತಿತು. ಗಾಡಿಯನ್ನು ನಂಬಿದ ಲಾಯವೂ ಅಂಗಳವೂ ಬರಿದಾದವು.

ಹೀಗಾಗಿ ಇಂದು ಆಕ್ಸ್‌ಫರ್ಡಿನಲ್ಲಿ ಐತಿಹಾಸಿಕ ಹೋಟೆಲು ಎಂದು ಕರೆಯುವವು ಮುಖ್ಯವಾಗಿ ಎರಡು ಬಗೆ. ರೈಲಿನ ಕಾಲದಲ್ಲಿ ಹೋಟೆಲಾಗಿಯೇ ಕಟ್ಟಿದವು ಒಂದು. ಬೇರೆ ಏನೋ ಆಗಿದ್ದು ಆಮೇಲೆ ಹೋಟೆಲಾದವು ಇನ್ನೊಂದು. ಹೈ ಸ್ಟ್ರೀಟಿನ ಓಲ್ಡ್ ಬ್ಯಾಂಕ್ ಹೋಟೆಲು ಹೆಸರೇ ಹೇಳುವಂತೆ ಬ್ಯಾಂಕಾಗಿತ್ತು, 1999ರಲ್ಲಿ ಹೋಟೆಲಾಯಿತು. ನಾನು ಎರಡು ಬಗೆಗಳಲ್ಲಿಯೂ ಒಂದೊಂದು ರಾತ್ರಿ ಕಳೆದೆ.

ಮೊದಲನೆಯ ಬಗೆಗೆ ಮಾದರಿ ರಾಂಡಾಲ್ಫ್. 1866ರಲ್ಲಿ ತೆರೆದದ್ದು. ವಿಲಿಯಂ ವಿಲ್ಕಿನ್‌ಸನ್ ಎಂಬ ವಾಸ್ತುಶಿಲ್ಪಿ ಇದನ್ನು ಗಾಥಿಕ್ ಶೈಲಿಯಲ್ಲಿ, ಚೂಪು ಕಮಾನುಗಳಿಟ್ಟು, ಇಟ್ಟಿಗೆಯಲ್ಲಿ ಕಟ್ಟಿದ. ಎದುರಿಗೆ ಆಶ್ಮೋಲಿಯನ್ ವಸ್ತುಸಂಗ್ರಹಾಲಯ. ಅದು ಗ್ರೀಕ್ ಕಂಬಗಳ ಗಂಭೀರವಾದ ಕಟ್ಟಡ. ಆ ಸ್ಥಳದಲ್ಲಿದ್ದ ವಿಶ್ವವಿದ್ಯಾನಿಲಯದ ಚಿತ್ರಶಾಲೆಗೆ ಹಣ ಬಿಟ್ಟುಹೋದ ಡಾ. ಫ್ರಾನ್ಸಿಸ್ ರಾಂಡಾಲ್ಫ್ ಎಂಬುವರ ಹೆಸರನ್ನು ಹೋಟೆಲಿಗೆ ಇಟ್ಟರು. ಪದವೀದಾನದ ದಿನಗಳಲ್ಲಿ ಮಕ್ಕಳ ಭಾಗ್ಯವನ್ನು ನೋಡಲು ಬರುವ ತಂದೆತಾಯಿಗಳಿಗೆ ಇಲ್ಲಿ ಇಳಿದುಕೊಳ್ಳುವುದೆಂದರೆ ಒಂದು ಸಂಭ್ರಮ. ಕಾಲಿನ್ ಡೆಕ್ಸ್‌ಟರ್ ಬರೆದ ಇನ್‌ಸ್ಪೆಕ್ಟರ್ ಮೋರ್ಸನ ಪತ್ತೇದಾರಿ ಕಾದಂಬರಿಗಳಲ್ಲಿ ಒಂದರ ಕಥೆ ನಡೆಯುವುದು ಈ ಹೋಟೆಲಿನಲ್ಲಿಯೇ. 2015ರ ಏಪ್ರಿಲ್‌ನಲ್ಲಿ ಅಡಿಗೆಮನೆಯಿಂದ ಹುಟ್ಟಿದ ಬೆಂಕಿ ಛಾವಣಿಯವರೆಗೆ ಏರಿತು. ಯಾರಿಗೂ ಅಪಾಯವಾಗಲಿಲ್ಲ, ಕಟ್ಟಡವನ್ನು ದುರಸ್ತಿ ಮಾಡಿದರು. ಅಗಲವಾದ ಮೆಟ್ಟಿಲನ್ನು ಹತ್ತಿ ಕೋಣೆಗೆ ಹೋಗುವಾಗ, ಯಾರದೋ ಮದುವೆಯ ದಿಬ್ಬಣದಲ್ಲಿ ತಪ್ಪಿ ಸೇರಿಕೊಂಡವನ ಸಂಕೋಚ ನನ್ನನ್ನು ಕಾಡಿತು. ಕಿಟಕಿಯಿಂದ ಆಶ್ಮೋಲಿಯನ್ನಿನ ಕಂಬಗಳು ಕಾಣುತ್ತಿದ್ದವು. ನನ್ನ ಮಗನನ್ನೋ ಮಗಳನ್ನೋ ಪದವಿಗೆ ಕರೆತಂದ ತಂದೆ ನಾನಾಗಿರಲಿಲ್ಲ. ಆ ಕಟ್ಟಡ ಕಾದದ್ದು ಅಂಥವರಿಗಾಗಿ.

ಎರಡನೆಯ ರಾತ್ರಿ ಸೆರೆಮನೆ. ಇದು ಅಲಂಕಾರದ ಮಾತಲ್ಲ. ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಹೊಸತರಲ್ಲಿ, 1071ರಲ್ಲಿ, ರಾಬರ್ಟ್ ಡಾಯ್ಲಿ ಕಟ್ಟಿಸಿದ ಕೋಟೆ ಆಕ್ಸ್‌ಫರ್ಡಿನಲ್ಲಿದೆ. 1142ರ ಚಳಿಗಾಲದಲ್ಲಿ ಮುತ್ತಿಗೆಗೆ ಸಿಕ್ಕಿದ ಸಾಮ್ರಾಜ್ಞಿ ಮಟಿಲ್ಡಾ ಹಿಮದ ಮೇಲೆ ಕಾಣದಂತೆ ಬಿಳಿಯ ಬಟ್ಟೆ ಹೊದ್ದು ತಪ್ಪಿಸಿಕೊಂಡದ್ದು ಈ ಕೋಟೆಯಿಂದಲೇ. ಮುಂದೆ ಅದು ಸೆರೆಮನೆಯಾಯಿತು. 13ನೆಯ ಶತಮಾನದಲ್ಲಿ ತುಂಟ ವಿದ್ಯಾರ್ಥಿಗಳನ್ನು ಕೂಡಿಹಾಕಲು ವಿಶ್ವವಿದ್ಯಾನಿಲಯದ ಚಾನ್ಸೆಲರಿಗೂ ಇಲ್ಲಿ ಅನುಮತಿಯಿತ್ತು. ಆದಕಾರಣ ಇದನ್ನೂ ಒಂದು ಬಗೆಯ ವಿದ್ಯಾರ್ಥಿನಿಲಯವೆಂದೇ ಎಣಿಸಬಹುದು! 1996ರಲ್ಲಿ ಸೆರೆಮನೆಯನ್ನು ಮುಚ್ಚಿದರು. ಆ ಕಟ್ಟಡದ ಒಂದು ಭಾಗ ಮಾಲ್ಮೇಸನ್ ಎಂಬ ಹೋಟೆಲಾಯಿತು. ನವೀಕರಿಸಿದ ಕೋಟೆಯ ಆವರಣವನ್ನು 2006ರ ಮೇ ತಿಂಗಳಿನಲ್ಲಿ ಎರಡನೆಯ ಎಲಿಜಬೆತ್ ರಾಣಿ ಉದ್ಘಾಟಿಸಿದರು.

ಇಂಥ ಕಟ್ಟಡವನ್ನು ಇಷ್ಟಬಂದಂತೆ ಒಡೆಯುವ ಹಾಗಿಲ್ಲ. ಎರಡನೆಯ ಮಹಾಯುದ್ಧದ ಕಾಲದಿಂದೀಚೆಗೆ ಅಲ್ಲಿ ರಕ್ಷಿಸತಕ್ಕ ಕಟ್ಟಡಗಳ ಪಟ್ಟಿಯನ್ನು ಕಾನೂನಿನಂತೆ ಮಾಡುತ್ತ ಬಂದಿದ್ದಾರೆ. ಅದರಲ್ಲಿ ಸೇರಿದ ಮೇಲೆ ಬದಲಾವಣೆಗೆ ಅಪ್ಪಣೆ ಬೇಕು. ಆದ್ದರಿಂದ ನಡುವೆ ಬಯಲು, ಎರಡು ಪಕ್ಕ ಕಬ್ಬಿಣದ ಓಣಿಗಳು, ಸಾಲು ಸಾಲು ಬಾಗಿಲು, ಎಲ್ಲ ಹಾಗೆಯೇ ಇದೆ. ಹಿಂದಿನ ಮೂರು ಕೊಠಡಿಗಳನ್ನು ಕೂಡಿಸಿ ಒಂದು ಕೋಣೆ ಮಾಡಿದ್ದಾರೆ: ಎರಡು ಮಲಗಲು, ಒಂದು ಸ್ನಾನಕ್ಕೆ. ಕಿಟಕಿ ತಲೆಗಿಂತ ಎತ್ತರ. ಹಾಸಿಗೆ ಮೆತ್ತಗಿತ್ತು. ಬಾಗಿಲು ಹಾಕಿಕೊಂಡಾಗ ನನಗೆ ಹೊಳೆಯಿತು: ಹಿಂದೆ ಈ ಬಾಗಿಲಿಗೆ ಚಿಲಕ ಹೊರಗಡೆ, ಈಗ ಒಳಗಡೆ. ಗೋಡೆ ಅದೇ.

ಆ ರಾತ್ರಿ ನನಗೆ ಬೇಗ ನಿದ್ರೆ ಬರಲಿಲ್ಲ. 1870ರಲ್ಲಿ ಮಗುವಿನ ತಳ್ಳುಗಾಡಿಯನ್ನು ಕದ್ದಳೆಂದು ಏಳು ವರ್ಷದ ಹುಡುಗಿಯೊಬ್ಬಳಿಗೆ ಏಳು ದಿನ ಕಠಿಣ ಸಜೆ ವಿಧಿಸಿ ಈ ಸೆರೆಮನೆಗೆ ತಂದಿದ್ದರು. 1952ರವರೆಗೂ ಇಲ್ಲಿ ಗಲ್ಲುಶಿಕ್ಷೆ ನಡೆದಿದೆ. ಇಂಥಲ್ಲಿ ಹಣ ಕೊಟ್ಟು ಸುಖವಾಗಿ ಮಲಗುವುದು ಸರಿಯೆ? ಪರರ ಸಂಕಟವನ್ನು ನಾವು ವಿನೋದ ಮಾಡಿಕೊಂಡಂತಲ್ಲವೆ? ಈ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕಲು ನನ್ನಿಂದಾಗಲಿಲ್ಲ. ಆದರೆ ಕೆಡವಿದ ಏಂಜಲ್ಲೂ ಕ್ಲಾರೆಂಡನ್ನೂ ಮನಸ್ಸಿಗೆ ಬಂದವು. ಕೆಡವಿದ್ದರೆ ಆ ಏಳು ವರ್ಷದ ಹುಡುಗಿಯನ್ನು ಆ ರಾತ್ರಿ ಯಾರು ನೆನೆಯುತ್ತಿದ್ದರು? ಕಟ್ಟಡಕ್ಕೆ ಒಂದು ಉದ್ಯೋಗವಿರಬೇಕು. ಇಲ್ಲದಿದ್ದರೆ ಅದು ಬಾಳುವುದಿಲ್ಲ. ತಂಗುವವನು ಅದಕ್ಕೆ ಸಂಬಳ ಕೊಡುತ್ತಾನೆ. ಅದರ ಜೊತೆಗೆ ಅಲ್ಲಿ ನಡೆದದ್ದನ್ನು ತಿಳಿದುಕೊಳ್ಳುವ ಋಣವೂ ಅವನ ಮೇಲಿದೆಯೆಂದು ನನ್ನ ಭಾವನೆ.

ಮೂರನೆಯ ರಾತ್ರಿಯ ವಸತಿ ಹೋಟೆಲಲ್ಲ. ಆಕ್ಸ್‌ಫರ್ಡಿನಲ್ಲಿ ವರ್ಷಕ್ಕೆ ಪಾಠದ ಅವಧಿಗಳು ಮೂರು. ಒಂದೊಂದು ಎಂಟು ವಾರ. ಉಳಿದ 28 ವಾರಗಳಲ್ಲಿ ಎಷ್ಟೋ ಕೋಣೆಗಳು ಖಾಲಿ. ರಜೆಯಲ್ಲಿ ಅನೇಕ ಕಾಲೇಜುಗಳು ಅವನ್ನು ಪರಸ್ಥಳದವರಿಗೆ ಬಾಡಿಗೆಗೆ ಕೊಡುತ್ತವೆ. ಹೆಸರಾದ ಹೋಟೆಲುಗಳಿಗಿಂತ ಖರ್ಚು ಕಡಿಮೆ; ಮೊದಲೇ ಗೊತ್ತುಮಾಡಿಕೊಳ್ಳಬೇಕು. ಅಂಥ ಒಂದು ಕಾಲೇಜಿನ ಬಾಗಿಲಿಗೆ ಹೋದೆ. ಪ್ರೇಕ್ಷಕರಿಗೆ ಪ್ರವೇಶವಿಲ್ಲವೆಂಬ ಹಲಗೆ ತೂಗುಹಾಕಿತ್ತು. ಬಾಗಿಲ ಬಳಿಯ ಕಚೇರಿಯಲ್ಲಿ ಹೆಸರು ಹೇಳಿದೆ, ಕೀಲಿ ಕೊಟ್ಟರು. ಹಲಗೆಯ ಪಕ್ಕದಲ್ಲಿಯೇ ಒಳಗೆ ನಡೆದೆ.

ಕೋಣೆ ಚಿಕ್ಕದು. ಕಿರಿದಾದ ಮಂಚ, ಕಿಟಕಿಯ ಕೆಳಗೆ ಮೇಜು, ಬರಿದಾದ ಪುಸ್ತಕದ ಹಲಗೆ. ಗೋಡೆಯ ಮೇಲೆ ಯಾರೋ ಚಿತ್ರಗಳನ್ನು ಸಿಕ್ಕಿಸಿದ ಮೊಳೆಯ ಗುರುತು. ಕಿಟಕಿಯಾಚೆ ಚೌಕಾಕಾರದ ಹುಲ್ಲಿನಂಗಳ. ನಮ್ಮ ಕಡೆಯಿಂದ ಆ ಊರಿಗೆ ಹೋದವರ ನೆನಪಾಯಿತು. ಮೈಸೂರಿನ ಎಂ. ಎನ್. ಶ್ರೀನಿವಾಸರು ಅಲ್ಲಿ ಕೊಡಗಿನವರನ್ನು ಕುರಿತು ಮಹಾಪ್ರಬಂಧ ಬರೆದು 1947ರಲ್ಲಿ ಪದವಿ ಪಡೆದರು. ಒಂದು ಕಾಲಕ್ಕೆ ಮೈಸೂರಿನಲ್ಲಿ ಪಾಠ ಹೇಳಿದ್ದ ರಾಧಾಕೃಷ್ಣನ್ನರು 1936ರಿಂದ 1952ರವರೆಗೆ ಅಲ್ಲಿ ಪ್ರಾಧ್ಯಾಪಕರು. ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿಯಾಗಿ ಹೋಗಿ 1963ರಲ್ಲಿ ಅಲ್ಲಿಯ ಯೂನಿಯನ್ನಿನ ಅಧ್ಯಕ್ಷರಾದರು. ಅವರ ಕಿಟಕಿಗಳೂ ಇಂಥವೇ ಇದ್ದಿರಬೇಕು. ಅವರೂ ಅವಧಿ ಮುಗಿದ ದಿನ ಕೀಲಿ ಒಪ್ಪಿಸಿ ಬಂದವರೇ. ಯಾರ ಕೋಣೆಯೂ ಅಲ್ಲಿ ಯಾರದೂ ಅಲ್ಲ; ಎಂಟು ವಾರದವನೂ ಒಂದು ರಾತ್ರಿಯವನೂ ಬಾಡಿಗೆಗಿದ್ದವರು. ನನ್ನ ಪೆಟ್ಟಿಗೆಯ ಆ ಅರ್ಜಿಯ ಭಾರ ಆಗ ಸ್ವಲ್ಪ ಇಳಿದ ಹಾಗಾಯಿತು.

ದೀಪವನ್ನು ಹಚ್ಚದೆ ಮೇಜಿನ ಮುಂದೆ ಕುಳಿತಿದ್ದೆ. ಒಂಬತ್ತು ಗಂಟೆ ಐದು ನಿಮಿಷಕ್ಕೆ ಗ್ರೇಟ್ ಟಾಮ್ ಬಾರಿಸತೊಡಗಿತು. ಹಿಂದಿನ ಎರಡು ರಾತ್ರಿಯೂ ಕೇಳಿದ್ದೆ, ಎಣಿಸಿರಲಿಲ್ಲ. ಈ ಸಲ ಎಣಿಸಿದೆ. ನೂರೊಂದು ಸರಿಯಾಗಿತ್ತು.

ಮರುದಿನ ಬೆಳಿಗ್ಗೆ, ಹಿರಿಯರ ಚಿತ್ರಪಟಗಳು ನೋಡುತ್ತಿದ್ದ ದೊಡ್ಡ ಊಟದ ಹಜಾರದಲ್ಲಿ ಉದ್ದನೆಯ ಬೆಂಚಿನ ಮೇಲೆ ಕುಳಿತು ಬ್ರೆಡ್ಡು ತಿಂದು, ಹತ್ತು ಗಂಟೆಗೆ ಕೀಲಿ ಒಪ್ಪಿಸಿ ಹೊರಗೆ ಬಂದೆ. ಸಂಜೆ ತಂಗಿಯ ಮಗ, "ಮಾವ, ಯಾವ ಹೋಟೆಲು ಚೆನ್ನಾಗಿತ್ತು?" ಎಂದು ಕೇಳಿದ.

"ಹಾಸ್ಟೆಲು" ಎಂದೆ.